‘ರನ್’ ಕಂಡ ಕೂಡಲೇ ‘ಓಡು’ ಎಂದು ಬರೆಯಬೇಡಿ

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರು ‘ರನ್’ ಎಂಬ ಒಂದೇ ಕ್ರಿಯಾಪದಕ್ಕೆ 645 ಅರ್ಥ ಗುರುತಿಸಿದ್ದಾರೆ. 1989ರ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥದ ಪದ ‘ಸೆಟ್’ ಆಗಿತ್ತು, 430 ಅರ್ಥ. ಇಷ್ಟೆಲ್ಲ ಅರ್ಥ ಬಾಯಿಪಾಠಕ್ಕೆ ಬಗ್ಗುವುದಿಲ್ಲ. ಹಾಗಂತ ಹೆದರಬೇಕಾಗಿಯೂ ಇಲ್ಲ: ಗೊರಕೆ ಹೊಡೆಯುವುದಕ್ಕೂ ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವುದಕ್ಕೂ ನಮಗೆ ಗೊಂದಲ ಆಗುವುದಿಲ್ಲವಲ್ಲ.

ಮೊದಲು ಕರ್ತೃ ನೋಡಿ. ಯಗಚಿ ನದಿ ಬೇಲೂರಿನ ಪಕ್ಕ ‘ರನ್ಸ್’ ಎಂದರೆ ಹರಿಯುತ್ತದೆ. ರಸ್ತೆ ಚಾರ್ಮಾಡಿ ಘಾಟಿಯಲ್ಲಿ ‘ರನ್ಸ್’ ಎಂದರೆ ಹಾದುಹೋಗುತ್ತದೆ. ಮೂಗಾದರೆ ಸುರಿಯುತ್ತದೆ, ಹೊಸ ಸೀರೆಯ ಬಣ್ಣವಾದರೆ ಬಿಡುತ್ತದೆ. ‘ಓಡು’ ಎಲ್ಲ ಕಡೆ ತಪ್ಪು ಎಂದುಕೊಳ್ಳುವುದೂ ತಪ್ಪೇ. ಮೋಟರ್ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ.

ಆಮೇಲೆ ಕರ್ಮ ಇದೆಯೇ ನೋಡಿ. ‘ಶೀ ರನ್ಸ್ ಎ ಹೋಂಸ್ಟೇ ಇನ್ ಮೂಡಿಗೆರೆ’ ಎಂಬಲ್ಲಿ ಹೋಂಸ್ಟೇ ಕರ್ಮ, ಆದ್ದರಿಂದ ‘ನಡೆಸುತ್ತಾರೆ’. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಸಕರ್ಮಕ ಅರ್ಥದ ಮುಂದೆ ‘ಟಿ’, ಅಕರ್ಮಕದ ಮುಂದೆ ‘ಐ’ ಅಕ್ಷರ ಇರುತ್ತದೆ. ಅದನ್ನು ನೋಡಿಕೊಂಡರೆ ಹುಡುಕುವ ಪಟ್ಟಿ ಅಲ್ಲೇ ಸಾಕಷ್ಟು ಕಿರಿದಾಗುತ್ತದೆ.

ಹೆಚ್ಚು ಎಡವುವುದು ಬಾಲದ ಪದದಲ್ಲಿ. ಗ್ಯಾಸ್ ‘ರನ್ ಔಟ್’ ಆದರೆ ಖಾಲಿ; ಕ್ರಿಕೆಟ್‌ನಲ್ಲಿ ಅದೇ ಎರಡು ಪದಕ್ಕೆ ಬ್ಯಾಟರ್ ಔಟ್. ‘ರನ್ ಇನ್‌ಟು’ ಮುಂದೆ ಗೆಳೆಯ ಬಂದರೆ ಅಕಸ್ಮಾತ್ ಸಿಕ್ಕ, ಕರೆಂಟ್ ಕಂಬ ಬಂದರೆ ಡಿಕ್ಕಿ. ಸಭೆ ‘ರನ್ ಓವರ್’ ಆದರೆ ಹೊತ್ತು ಮೀರಿತು, ಲಾರಿ ನಾಯಿಯನ್ನು ‘ರನ್ ಓವರ್’ ಮಾಡಿದರೆ ಮೈಮೇಲೆ ಹರಿಯಿತು. ‘ಫಾರ್’ ಅಂತೂ ನಗೆಪಾಟಲು ಮಾಡುತ್ತದೆ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ‘ರ್ಯಾನ್ ಫಾರ್ ಪಾರ್ಲಿಮೆಂಟ್ ಫ್ರಮ್ ಚಿಕ್ಕಮಗಳೂರು’ ಎಂಬುದನ್ನು ಪದಕ್ಕೆ ಪದ ಇಟ್ಟರೆ ಅವರು ಚಿಕ್ಕಮಗಳೂರು ಬಿಟ್ಟು ಓಡಿದಂತಾಗುತ್ತದೆ. ‘ಸ್ಪರ್ಧಿಸಿದರು’ ಎನ್ನಿ. ಈ ‘ರನ್’ ಅಮೆರಿಕದ ರೂಢಿ. ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಎನ್ನುತ್ತಾರೆ, ನಮ್ಮಲ್ಲೂ ಚುನಾವಣೆಗೆ ‘ನಿಲ್ಲುವುದೇ’.

ಹಿಂದೆ ‘ಎ’ ಅಥವಾ ‘ದ’ ಇದ್ದರೆ ಅದು ನಾಮಪದ. ಬ್ಯಾಂಕಿನ ಮೇಲೆ ‘ಎ ರನ್’ ಎಂದರೆ ಠೇವಣಿದಾರರೆಲ್ಲ ಒಟ್ಟಿಗೆ ದುಡ್ಡು ವಾಪಸ್ ಪಡೆಯಲು ಮುಗಿಬೀಳುವುದು.

ಬರೆಯುವಾಗ ರೂಪವೂ ಕೈಕೊಡುತ್ತದೆ: ರನ್, ರ್ಯಾನ್, ರನ್. ‘ಹ್ಯಾಸ್’, ‘ಹ್ಯಾಡ್’ ಮುಂದೆ ಮತ್ತೆ ‘ರನ್’ ಬರಬೇಕು, ‘ರ್ಯಾನ್’ ಅಲ್ಲ.

ನೋಟ್‌ಬುಕ್ಕಿನಲ್ಲಿ ಬಿಡಿ ಪದ ಬರೆದಿಟ್ಟರೆ ವಾರದಲ್ಲಿ ಮರೆಯುತ್ತದೆ. ಪೂರ್ತಿ ವಾಕ್ಯ ಬರೆಯಿರಿ, ಎದುರಿಗೆ ಕನ್ನಡದ ಕ್ರಿಯಾಪದ ಮಾತ್ರ. ಫೋನಿನ ಅನುವಾದಕ್ಕೂ ಪೂರ್ತಿ ವಾಕ್ಯವನ್ನೇ ಕೊಡಿ. ಒಂಟಿ ‘ರನ್’ ಕೊಟ್ಟರೆ ಅದು ಕೊಡುವುದೂ ‘ಓಡು’ ಎಂದೇ.