ಭಾನುವಾರದ ಕನ್ನಡ ತರಗತಿಯಲ್ಲಿ ಓದಿಸಿದ್ದು, ಬರೆಸಿದ್ದು

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಾನು ನಡೆಸುವ ಭಾನುವಾರದ ತರಗತಿಗೆ ಬರುವವರು ಐದರಿಂದ ಎಂಟನೆಯ ತರಗತಿಯ ಮಕ್ಕಳು. ಕೆಲವರ ಮನೆಮಾತು ತುಳು, ಕೆಲವರದ್ದು ವಿಜಯಪುರ, ಕಲಬುರಗಿ ಕಡೆಯ ಕನ್ನಡ. ಶಾಲೆ ಮರಾಠಿಯದ್ದು, ಇಲ್ಲವೇ ಗಣಿತ, ವಿಜ್ಞಾನ ಮಾತ್ರ ಇಂಗ್ಲಿಷಿನಲ್ಲಿರುವ ಸೆಮಿ ಇಂಗ್ಲಿಷ್. ಇವರಿಗೆ ವರ್ಣಮಾಲೆ ಕಲಿಸುವುದು ಕಷ್ಟವಲ್ಲ, ಕಷ್ಟ ಶುರುವಾಗುವುದೇ ಆಮೇಲೆ. ಹನ್ನೆರಡು ವರ್ಷದ ಹುಡುಗನಿಗೆ ಒಂದನೆಯ ತರಗತಿಯ ಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ. ಕರ್ನಾಟಕದ ಏಳನೆಯ ತರಗತಿಯ ಗದ್ಯ ಕೊಟ್ಟರೆ ಎರಡನೆಯ ಸಾಲಿಗೇ ಸುಸ್ತಾಗುತ್ತಾನೆ. ಇವೆರಡರ ನಡುವಿನ ಓದನ್ನು ಅಂತರ್ಜಾಲದಲ್ಲಿ ಹುಡುಕಿ ಹೊಂದಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಪುಣೆ, ಗೋವಾಗಳಲ್ಲಿ ಇಂಥದೇ ತರಗತಿ ನಡೆಸುವವರಿಗೂ ಇದು ಒದಗಬಹುದು.

ನಾನು ಅತಿ ಹೆಚ್ಚು ಬಳಸುವುದು ಸ್ಟೋರಿವೀವರ್. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಈ ತಾಣದಲ್ಲಿ ಕಥೆಗಳನ್ನು ಓದಿನ ಕಷ್ಟಕ್ಕೆ ತಕ್ಕಂತೆ 4 ಹಂತಗಳಾಗಿ ವಿಂಗಡಿಸಿದ್ದಾರೆ. ಎಲ್ಲವೂ ಉಚಿತ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಇಳಿಸಿಕೊಂಡು ಪ್ರಿಂಟ್ ತೆಗೆದು ಹಂಚಲು ಯಾರ ಅನುಮತಿಯೂ ಬೇಕಿಲ್ಲ, ಬರೆದವರ ಮತ್ತು ಚಿತ್ರಕಾರರ ಹೆಸರು ಉಳಿಸಿಕೊಂಡರೆ ಸಾಕು. ವಯಸ್ಸು ನೋಡದೆ ಎಲ್ಲರನ್ನೂ ಎರಡನೆಯ ಹಂತದಿಂದಲೇ ಹೊರಡಿಸುತ್ತೇನೆ. ಆದರೆ ಕಥೆಯ ಆಯ್ಕೆ ಮಾತ್ರ ವಯಸ್ಸು ನೋಡಿಯೇ. ವಿಜ್ಞಾನ, ಪ್ರಾಣಿಲೋಕ, ಊರು ಬಿಟ್ಟು ಊರಿಗೆ ಬಂದವರ ಬದುಕು, ಇಂಥವಾದರೆ ದೊಡ್ಡ ಮಕ್ಕಳು ಸಣ್ಣ ವಾಕ್ಯಗಳನ್ನೂ ಆಸಕ್ತಿಯಿಂದ ಓದುತ್ತಾರೆ. ಅದೇ ಕಥೆ ಮರಾಠಿಯಲ್ಲಿಯೂ ಇದ್ದರೆ ಮೊದಲು ಅದನ್ನು ಓದಿಕೊಂಡು ಬರಲು ಹೇಳುತ್ತೇನೆ. ಕಥೆ ಗೊತ್ತಿದ್ದಾಗ ಗಮನವೆಲ್ಲ ಅಕ್ಷರದ ಮೇಲೆ ನಿಲ್ಲುತ್ತದೆ. ಇದನ್ನು ಕಳ್ಳದಾರಿ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಗುವಿಗೆ ಬರುವ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿ ಇನ್ನೊಂದನ್ನು ಕಲಿಸಲಾಗದು.

ದೇವನಾಗರಿಯಿಂದ ಬಂದ ಮಕ್ಕಳು ಎಲ್ಲಿ ತೊಡರುತ್ತಾರೆ ಎಂದು ಮೊದಲೇ ತಿಳಿದಿರಬೇಕು. ಮರಾಠಿಯ ಬರವಣಿಗೆಯಲ್ಲಿ ಹ್ರಸ್ವ ಎ, ಒ ಬೇರೆಯಾಗಿಲ್ಲ. ಹಾಗಾಗಿ 'ಬೆಳೆ'ಯನ್ನೂ 'ಬೇಳೆ'ಯನ್ನೂ ಒಂದೇ ರೀತಿ ಓದುತ್ತಾರೆ. ಒತ್ತಕ್ಷರ ಕೆಳಗೆ ಬರುವುದು ಅವರಿಗೆ ಹೊಸತು. ಅರ್ಕಾವತ್ತು ಇನ್ನೂ ಗೋಜಲು: ಮರಾಠಿಯಲ್ಲಿ ಅಕ್ಷರದ ತಲೆಯ ಮೇಲೆ ಕೂರುವ ರಕಾರ ಇಲ್ಲಿ ಪಕ್ಕಕ್ಕೆ ಬಂದು ನಿಂತಿರುತ್ತದೆ. ಪ್ರಿಂಟ್ ತೆಗೆದ ಪುಟದಲ್ಲಿ ಈ ಮೂರಕ್ಕೂ ಬೇರೆ ಬೇರೆ ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿಸುತ್ತೇನೆ. ಪರದೆಯ ಮೇಲೆ ಈ ಕೆಲಸ ಆಗುವುದಿಲ್ಲ, ಝೆರಾಕ್ಸ್ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಮನೆಗೆಲಸವೆಂದರೆ ಗಟ್ಟಿಯಾಗಿ ಓದುವುದು. ಒಂದೇ ಪುಟವನ್ನು ಬಿಡದೆ ಕೆಲವು ದಿನ ಓದಿ, ಕೊನೆಯ ದಿನದ್ದನ್ನು ವಾಟ್ಸಾಪಿನಲ್ಲಿ ಧ್ವನಿಮುದ್ರಿಸಿ ಕಳಿಸಬೇಕು. ಕಳಿಸುವ ಮೊದಲು ತಾವೇ ಕೇಳಿಸಿಕೊಳ್ಳಬೇಕು. ಎಲ್ಲಿ ತಡವರಿಸಿದೆ ಎಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಗಿರುತ್ತದೆ.

ಗೊತ್ತಿಲ್ಲದ ಪದಗಳಿಗೆ ಅಲರ್ ನಿಘಂಟು ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳಿವೆ. 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಕಾಗುಣಿತ ಸ್ವಲ್ಪ ತಪ್ಪಿದರೂ ಉಚ್ಚಾರ ಹತ್ತಿರವಿದ್ದರೆ ಪದ ಸಿಗುವುದು ನಮ್ಮ ಮಕ್ಕಳಿಗೆ ದೊಡ್ಡ ಅನುಕೂಲ. ಆದರೆ 'ಮರಗಳಿಂದಲೂ' ಎಂದು ಹುಡುಕಿದರೆ ಏನೂ ಸಿಗದು, ಬಾಲಗಳನ್ನೆಲ್ಲ ಕಳಚಿ 'ಮರ'ಕ್ಕೆ ಬರಬೇಕು. ವಿಭಕ್ತಿ ಪ್ರತ್ಯಯಗಳ ಪಾಠವನ್ನು ನಾನು ಬೇರೆಯಾಗಿ ಮಾಡಿಲ್ಲ. ನಿಘಂಟು ನೋಡುತ್ತಲೇ ಅದು ಆಗಿಹೋಯಿತು.

ಬರವಣಿಗೆಯ ಮಾತಿಗೆ ಬಂದರೆ, ಇಲ್ಲಿ ನನಗೆ ಹೆಚ್ಚು ನೆರವಾದದ್ದು ಫೋನಿನ ಕೀಲಿಮಣೆಯಲ್ಲೇ ಇರುವ ಮೈಕು. ಗೂಗಲ್ 2017ರಲ್ಲಿ ಧ್ವನಿ ಟೈಪಿಂಗಿಗೆ ಕನ್ನಡವನ್ನೂ ಸೇರಿಸಿತು. ಬಾಯಲ್ಲಿ ಚಂದವಾಗಿ ಕಥೆ ಹೇಳುವ ಮಗು ಪೆನ್ನು ಹಿಡಿದ ಕೂಡಲೇ ಮೂಕವಾಗುವುದನ್ನು ಕಲಿಸುವವರೆಲ್ಲ ನೋಡಿರುತ್ತಾರೆ. ಹಾಗಾಗಿ ಮೊದಲು ಹೇಳಿಸುತ್ತೇನೆ: ನಿಮ್ಮ ಅಜ್ಜಿಯ ಊರಿಗೆ ಹೋಗುವ ರೈಲಿನ ಬಗ್ಗೆ, ಚಾಳಿನ ನೀರಿನ ಸರದಿಯ ಬಗ್ಗೆ, ಏನಾದರೂ. ಹೇಳಿದ್ದೆಲ್ಲ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ, ಆದರೆ ಒಂದು ಪೂರ್ಣವಿರಾಮವೂ ಇಲ್ಲದೆ, ಅಲ್ಲಲ್ಲಿ ತಪ್ಪು ಪದಗಳೊಂದಿಗೆ. ಮಗು ಅದನ್ನು ನೋಟ್‌ಬುಕ್ಕಿಗೆ ಕೈಯಲ್ಲಿ ಇಳಿಸಬೇಕು. ವಾಕ್ಯ ಎಲ್ಲಿ ಮುಗಿಯಿತು, ಯಂತ್ರ ಯಾವ ಪದವನ್ನು ತಪ್ಪಾಗಿ ಕೇಳಿಸಿಕೊಂಡಿತು ಎಂದು ಮಗುವೇ ತೀರ್ಮಾನಿಸಬೇಕು. ತನ್ನ ಬರಹ ತಿದ್ದಲು ಬೇಸರಪಡುವ ಮಕ್ಕಳು ಯಂತ್ರದ ತಪ್ಪು ತಿದ್ದುವುದೆಂದರೆ ಎದ್ದು ಕೂರುತ್ತಾರೆ. ವಿಜಯಪುರದ ಕಡೆಯ ಮಕ್ಕಳ ಮಾತು ಅದಕ್ಕೆ ಅರ್ಧಂಬರ್ಧ ತಿಳಿಯುತ್ತದೆ. ಅಂಥಲ್ಲಿ ಮಾತನ್ನು ಬದಲಿಸಬೇಡ, ಅಕ್ಷರವನ್ನು ಬದಲಿಸು ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಓದು ಮತ್ತು ಬರಹವನ್ನು ಜೋಡಿಸುವ ಒಂದು ಕ್ರಮವನ್ನು ರೀಡ್‌ವರ್ಕ್ಸ್ ಎಂಬ ಅಮೆರಿಕದ ಉಚಿತ ತಾಣದಿಂದ ತಂದುಕೊಂಡೆ. ಅಲ್ಲಿರುವುದು ಇಂಗ್ಲಿಷ್ ಲೇಖನಗಳು. ಒಂದೇ ವಿಷಯದ ಕೆಲವು ಸಣ್ಣ ಲೇಖನಗಳನ್ನು ದಿನಕ್ಕೊಂದರಂತೆ ಓದಿ, ತಿಳಿದದ್ದನ್ನು ಎರಡು ಮೂರು ಸಾಲು ಬರೆದಿಡುವುದು ಕ್ರಮ. ಕನ್ನಡದಲ್ಲಿ ಇಂಥ ಸಿದ್ಧ ಗುಚ್ಛ ನನಗೆ ಸಿಗದ ಕಾರಣ ಭೀಮಾ ನದಿಯ ಮೇಲೆ ನಾನೇ ಹೊಂದಿಸಿದೆ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು, ಕಲಬುರಗಿ ಜಿಲ್ಲೆಯ ಗಾಣಗಾಪುರ ದಾಟಿ, ಕೊನೆಗೆ ಕೃಷ್ಣೆಯನ್ನು ಸೇರುವ ಹೊಳೆ ಅದು. ನಮ್ಮ ಮಕ್ಕಳ ಎರಡೂ ನಾಡುಗಳನ್ನು, ಮಹಾರಾಷ್ಟ್ರವನ್ನೂ ಕರ್ನಾಟಕವನ್ನೂ, ಮುಟ್ಟುತ್ತದೆ. ಕನ್ನಡ ವಿಕಿಪೀಡಿಯದಿಂದ ಆಯ್ದ ಭಾಗಗಳನ್ನು ಸರಳಗೊಳಿಸಿದೆ. ಬಾಲಭಾರತಿಯ ಪುಸ್ತಕಗಳಿಂದಲೂ ಕೆಲವು ಪುಟ ತೆಗೆದುಕೊಂಡೆ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೂ ಪಠ್ಯ ತರುತ್ತದೆ. ಅವುಗಳ ಪಿಡಿಎಫ್ ಪುಕ್ಕಟೆಯಾಗಿ ಸಿಗುತ್ತದೆಂದು ಇಲ್ಲಿನ ಎಷ್ಟೋ ಕನ್ನಡ ತಂದೆತಾಯಿಗಳಿಗೆ ತಿಳಿದೇ ಇಲ್ಲ. ಮಹಾರಾಷ್ಟ್ರದ ಬದುಕನ್ನು ಕನ್ನಡದಲ್ಲಿ ಹೇಳುವ ಪಠ್ಯ ನಮ್ಮ ಮಕ್ಕಳಿಗೆ ಬೇರೆಲ್ಲಿ ಸಿಗಬೇಕು?

ಓದಿನ ಮೇಲೆ ಪ್ರಶ್ನೆ ಕೇಳುವ ಕೆಲಸವನ್ನೂ ಮಕ್ಕಳಿಗೇ ಬಿಟ್ಟಿದ್ದೇನೆ. ಪಠ್ಯದಲ್ಲಿ ಬೆರಳಿಟ್ಟು ತೋರಿಸಬಹುದಾದ ಉತ್ತರದ ಪ್ರಶ್ನೆ ಒಂದು, ಯೋಚಿಸಿ ಹೇಳಬೇಕಾದದ್ದು ಒಂದು. ಎರಡನೆಯದನ್ನು ಬರೆಯಲು ಬಹಳ ಹೊತ್ತು ಬೇಕು, ಆ ಹೊತ್ತನ್ನು ಕೊಡಲೇಬೇಕು.

ಫೋನಿನ ವಿಚಾರ. ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಅದಕ್ಕೇ ಫೋನು ಬೇಕಾಗುವ ಕೆಲಸಗಳನ್ನು ರಾತ್ರಿ ಊಟದ ನಂತರದ ಅರ್ಧ ಗಂಟೆಗೆ ಮಿತಿಗೊಳಿಸಿ, ಉಳಿದದ್ದನ್ನು ಕಾಗದದಲ್ಲಿ ಕೊಡುತ್ತೇನೆ. ಮಕ್ಕಳ ಹೆಸರಿನಲ್ಲಿ ಎಲ್ಲೂ ಖಾತೆ ತೆರೆಸುವುದಿಲ್ಲ, ಬೇಕಾದಲ್ಲಿ ನನ್ನದನ್ನೇ ಬಳಸುತ್ತೇನೆ.

ಈಗ ಎಂಟನೆಯ ತರಗತಿಯವರು ಸ್ಟೋರಿವೀವರ್‌ನ ಒಂದು ಮರಾಠಿ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದಾರೆ. ತಾಣದಲ್ಲೇ ಅನುವಾದದ ಸೌಲಭ್ಯವಿದೆ, ಚಿತ್ರಗಳು ಹಾಗೇ ಉಳಿದು ಮಾತಷ್ಟೇ ಬದಲಾಗುತ್ತದೆ. ಗಣಪತಿ ರಜೆ ಮುಗಿಯುವುದರೊಳಗೆ ಕೈಬರಹದ ಕರಡು ಕೊಡಬೇಕು, ಅದನ್ನು ಆರನೆಯ ತರಗತಿಯವರು ಓದಿ ಅರ್ಥವಾಗದ ಸಾಲುಗಳಿಗೆ ಗೆರೆ ಎಳೆಯಬೇಕು ಎಂದು ಮಾತಾಗಿದೆ.