ವ್ಯಾನಲ್ಲೇ ಮಲಗಿ, ವ್ಯಾನಲ್ಲೇ ಉಂಡು: ಇಬ್ಬರೇ ನೀಲಗಿರಿಗೆ ಹೋಗಿಬರುವುದು ಹೇಗೆ?

ಗಂಡ-ಹೆಂಡತಿ ಇಬ್ಬರೇ ಬೆಟ್ಟಕ್ಕೆ ಹೋಗಿಬರಲು ಲಕ್ಷಗಟ್ಟಲೆ ಸುರಿದು ದೊಡ್ಡ ಕ್ಯಾಂಪರ್ (ಒಳಗೇ ಮಲಗುವ, ಅಡುಗೆ ಮಾಡುವ ಗಾಡಿ) ಮಾಡಿಸಬೇಕಿಲ್ಲ. ಓಮ್ನಿ, ಈಕೋ ಥರದ ಪುಟ್ಟ ವ್ಯಾನು ಧಾರಾಳವಾಗಿ ಸಾಕು. ಆದರೆ ಹೊರಡುವವರು ಪರದೆ, ಬಣ್ಣದ ಲೈಟು, ಮಡಚುವ ಕುರ್ಚಿ ಅಂತ ತಿಂಗಳುಗಟ್ಟಲೆ ಯೋಚನೆ ಮಾಡುತ್ತಾರೆ, ಗಾಡಿಯ ಭಾರ ಮತ್ತು ಬ್ರೇಕಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಘಾಟಿಯಲ್ಲಿ ಲೆಕ್ಕಕ್ಕೆ ಬರುವುದು ಇವೆರಡೇ. ಬೆಂಗಳೂರಿನಿಂದ ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾರಿಯಾಗಿ ಊಟಿಗೆ ಹೋಗಿಬರುವ ಕ್ರಮವನ್ನು ಇಲ್ಲಿ ಹೇಳಿದ್ದೇನೆ.

ದಿನ ಗೊತ್ತು ಮಾಡಿ, ಪಾಸ್ ತೆಗೆಯಿರಿ

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮುಂಗಾರು ಮುಗಿಯಿತಲ್ಲ ಅಂತ ನವೆಂಬರಿನಲ್ಲಿ ಹೊರಡಬೇಡಿ. ಕೂನೂರು, ಕೋಟಗಿರಿ ಕಡೆ ಹಿಂಗಾರು ಮಳೆ ಜೋರು. 2009ರ ನವೆಂಬರಿನಲ್ಲಿ ಅಲ್ಲಿ ಗುಡ್ಡ ಕುಸಿದು ಹಲವರು ಜೀವ ಕಳೆದುಕೊಂಡರು.

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ದಿನಕ್ಕೆ 6,000 ಗಾಡಿ, ಶನಿವಾರ-ಭಾನುವಾರ 8,000 ಗಾಡಿ ಅಂತ ಮಿತಿಯನ್ನೂ ಹಾಕಿದ್ದರು. ನಿಯಮ ಬದಲಾಗುತ್ತಾ ಇರುತ್ತದೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಗೆ ನೀಲಗಿರಿಯಲ್ಲಿ ನಿಷೇಧವಿದೆ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಹಾಸಿಗೆ: ವೆಲ್ಡಿಂಗ್ ಬೇಡ

ಸೀಟು ಕಿತ್ತು, ಕಬ್ಬಿಣ ಬೆಸೆದು ಮಂಚ ಮಾಡಿಸುವ ಆಸೆ ಬಿಡಿ. ಆರ್‌ಸಿಯಲ್ಲಿ ಬರೆದಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಅದರ ಬದಲು 12 ಮಿ.ಮೀ. ಪ್ಲೈವುಡ್ ತಂದು, ಮೂರು ತುಂಡು ಮಾಡಿ, ಕೀಲು ಹಾಕಿಸಿ. ಬೇಕಾದಾಗ ಬಿಚ್ಚಿ ಹಾಸಬೇಕು, ಬೇಡವಾದಾಗ ಮಡಚಿಡಬೇಕು. ಬಡಗಿಯ ಹತ್ತಿರ ಹೋಗುವ ಮೊದಲು ಟೇಪ್ ಹಿಡಿದು ಒಳಗೆ ಅಳೆಯಿರಿ, ಹಲಗೆಯ ಮೇಲೆ ಇಬ್ಬರೂ ಮಲಗಿ ನೋಡಿ. ಕಾಲು ಚಾಚಲು ಜಾಗ ಸಾಲದಿದ್ದರೆ ಮನೆಯ ಮುಂದೆ ಗೊತ್ತಾಗಲಿ, ಊಟಿಯ ಚಳಿಯಲ್ಲಿ ಅಲ್ಲ.

ಭಾರ ಇಳಿಸಿ

ಎಂಟಡಿ-ನಾಲ್ಕಡಿಯ ಒಂದು ಪ್ಲೈವುಡ್ ಹಲಗೆಯೇ ಇಪ್ಪತ್ತು ಕೆ.ಜಿ. ಹತ್ತಿರ ತೂಗುತ್ತದೆ. ನೀರಿನ ಕ್ಯಾನು ಇನ್ನೊಂದು ಇಪ್ಪತ್ತು. ಒಲೆ, ಪಾತ್ರೆ, ರಗ್ಗು, ಬ್ಯಾಗು ಸೇರಿದರೆ ಇನ್ನೊಬ್ಬರು ಹತ್ತಿ ಕೂತಷ್ಟು ಭಾರ. ಭಾರದ್ದೆಲ್ಲ ತಳದಲ್ಲಿರಲಿ. ಇಂಥ ವ್ಯಾನುಗಳು ಎತ್ತರ ಜಾಸ್ತಿ, ಅಗಲ ಕಮ್ಮಿ. ಟಾಪ್ ಮೇಲೆ ಕ್ಯಾರಿಯರ್ ಹಾಕಿ ಹೇರಿದರೆ ತಿರುವಿನಲ್ಲಿ ಗಾಡಿ ವಾಲುವುದು ಕೂತವರಿಗೇ ಗೊತ್ತಾಗುತ್ತದೆ. ಎರಡು ಜೊತೆ ಬಟ್ಟೆ, ಒಂದು ಸ್ವೆಟರು ಸಾಕು, ಅಲ್ವಾ?

ಬ್ರೇಕು

ಹೊರಡುವ ವಾರದ ಮೊದಲೇ ಮೆಕ್ಯಾನಿಕ್ ಹತ್ತಿರ ಹೋಗಿ. ಪ್ಯಾಡು, ಲೈನರ್ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತಲೂ ಕೇಳಿ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಗುಳ್ಳೆ ಬರುತ್ತದೆ. ಆಗ ಎಷ್ಟು ತುಳಿದರೂ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬದಲಾಯಿಸಿ ಎರಡು ವರ್ಷ ದಾಟಿದ್ದರೆ ಹೊಸದು ಹಾಕಿಸಿ. ಇದಕ್ಕೆ ಕೊಡುವ ಕಾಸು ಹಾಸಿಗೆಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಟೈರಿನ ಗಾಳಿ ಎಷ್ಟಿರಬೇಕು ಅನ್ನುವುದು ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿರುತ್ತದೆ. ಪೂರ್ತಿ ಲೋಡಿಗೆ ಬರೆದಿರುವ ಲೆಕ್ಕದಂತೆ ತುಂಬಿಸಿ.

ಹತ್ತುವುದು

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬೆಳಿಗ್ಗೆ ಬೇಗ ಹೊರಟು, ಗುಂಡ್ಲುಪೇಟೆಯಲ್ಲಿ ತಿಂಡಿ ಮುಗಿಸಿ, ಹಗಲಿನಲ್ಲೇ ಕಾಡು ದಾಟಿ. ಕಾಡಿನೊಳಗೆ ಗಾಡಿ ನಿಲ್ಲಿಸಬೇಡಿ. ಚಹಾ ಕಾಯಿಸಲಂತೂ ಬೇಡವೇ ಬೇಡ.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಮಸಿನಗುಡಿ, ಕಲ್ಲಟ್ಟಿ ಕಡೆಯದು ಹತ್ತಿರ, ಆದರೆ 36 ಹೇರ್‌ಪಿನ್ ತಿರುವು, ವಿಪರೀತ ಕಡಿದು. ಭಾರ ಹೊತ್ತ ಸಣ್ಣ ವ್ಯಾನಿಗೆ ಗೂಡಲೂರಿನ ದಾರಿಯೇ ಸರಿ. ಗೂಡಲೂರಿನಿಂದ ಊಟಿಗೆ ಸುಮಾರು 50 ಕಿ.ಮೀ. ಅಷ್ಟರಲ್ಲಿ ಸಾವಿರ ಮೀಟರಿಗೂ ಜಾಸ್ತಿ ಹತ್ತುತ್ತೀರಿ. ಒಬ್ಬರು ಓಡಿಸುವಾಗ ಇನ್ನೊಬ್ಬರು ಎಂಜಿನ್ ಬಿಸಿಯ ಮುಳ್ಳು ನೋಡುತ್ತಿರಲಿ. ಅದು ಮೇಲೆ ಹೋದರೆ ಎಸಿ ಆಫ್ ಮಾಡಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ಮುಟ್ಟಬೇಡಿ.

ರಾತ್ರಿ ಎಲ್ಲಿ?

ರಸ್ತೆ ಬದಿ, ಟೀ ತೋಟದ ಅಂಚು, ವ್ಯೂ ಪಾಯಿಂಟು ಯಾವುದೂ ಬೇಡ. ಕಾಟಿ (ಕಾಡುಕೋಣ), ಕರಡಿ, ಚಿರತೆ ಊರೊಳಗೇ ಓಡಾಡುವ ಜಾಗ ಅದು. ಹೋಮ್‌ಸ್ಟೇಯವರಿಗೆ ಮೊದಲೇ ಫೋನ್ ಮಾಡಿ, "ನಿಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅದರಲ್ಲೇ ಮಲಗುತ್ತೇವೆ, ಬಾತ್‌ರೂಮ್ ಬಳಸುತ್ತೇವೆ, ಎಷ್ಟು ಕೊಡಬೇಕು?" ಅಂತ ಕೇಳಿ. ಕೋಟಗಿರಿ ಕಡೆ ನೀಲಗಿರಿಯ ಬಡಗ ಸಮುದಾಯದವರ ಊರುಗಳಿವೆ. ಅವರ ಮಾತು ಕನ್ನಡಕ್ಕೆ ತೀರಾ ಹತ್ತಿರ. ನಿಧಾನವಾಗಿ ಕನ್ನಡದಲ್ಲಿ ಮಾತಾಡಿದರೆ ಹಿರಿಯರಿಗೆ ಅರ್ಥವಾಗುತ್ತದೆ.

ಮಟ್ಟಸವಾದ ಜಾಗ ಹುಡುಕಿ, ಚಕ್ರಕ್ಕೆ ಮರದ ತುಂಡು ಅಡ್ಡ ಕೊಡಿ. ಚಳಿ ಅಂತ ಗಾಜು ಪೂರ್ತಿ ಏರಿಸಬೇಡಿ. ಇಬ್ಬರ ಉಸಿರಿಗೇ ಬೆಳಗಾಗುವಷ್ಟರಲ್ಲಿ ಗಾಜಿನ ಒಳಗೆಲ್ಲ ಹನಿ ಕಟ್ಟಿ ರಗ್ಗಿನ ಮೇಲೆ ತೊಟ್ಟಿಕ್ಕುತ್ತದೆ. ಎದುರುಬದುರು ಎರಡು ಗಾಜು ಎರಡು ಬೆರಳಷ್ಟು ಇಳಿಸಿ, ಸೊಳ್ಳೆಪರದೆಯ ಬಟ್ಟೆ ಅಂಟಿಸಿ. ಗ್ಯಾಸ್ ಹೀಟರ್, ಕೆಂಡದ ಅಗ್ಗಿಷ್ಟಿಕೆ ಒಳಗೆ ಇಡಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬಿಸಿನೀರಿನ ರಬ್ಬರ್ ಚೀಲ ಕಾಲ ಹತ್ತಿರ ಇಟ್ಟುಕೊಂಡರೆ ಬೆಚ್ಚಗೆ ನಿದ್ದೆ ಬರುತ್ತದೆ.

ಅಡುಗೆ

ಒಲೆ ಹೊರಗೇ ಹಚ್ಚಿ. ಊಟಿ 2,240 ಮೀಟರ್ ಎತ್ತರದಲ್ಲಿದೆ, ನೀರು ಸುಮಾರು 92-93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬಾ ಹೊತ್ತು ಬೇಕು. ಮೂರು ಲೀಟರಿನ ಕುಕ್ಕರ್ ಒಂದಿದ್ದರೆ ಅನ್ನ, ಬಿಸಿಬೇಳೆಬಾತ್ ಎಲ್ಲ ಆಗುತ್ತದೆ. ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಘಾಟಿ ಹತ್ತಿದ ಆಯಾಸದಲ್ಲಿ ಅಡುಗೆ ಯಾರಿಗೂ ಬೇಡ.

ಇಳಿಯುವುದು

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎರಡನೇ ಗೇರು ಹಾಕಿದಾಗ ಎಂಜಿನ್ ಸದ್ದು ಜಾಸ್ತಿಯಾಗುತ್ತದೆ, ಗಾಬರಿ ಬೇಡ, ಗಾಡಿಯನ್ನು ಹಿಡಿದಿಡುತ್ತಿರುವುದು ಅದೇ. ನ್ಯೂಟ್ರಲ್ ಮಾಡುವುದು, ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವುದು ಬೇಡ. ಬ್ರೇಕಿನ ಮೇಲೆ ಕಾಲಿಟ್ಟೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಡಿ. ಹತ್ತಿ ಬರುವ ಗಾಡಿಗೆ ದಾರಿ ಕೊಡಿ, ಕಡಿದಾದ ರಸ್ತೆಯಲ್ಲಿ ಮೊದಲ ಹಕ್ಕು ಅವರದು. ಸುಟ್ಟ ವಾಸನೆ ಬಂದರೆ ಅಲ್ಲೇ ಎಡಕ್ಕೆ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಸುರಿಯಬೇಡಿ.

ಮಧ್ಯಾಹ್ನ ಎರಡರೊಳಗೆ ಊಟಿ ಬಿಟ್ಟರೆ ಈ ಅರ್ಧ ಗಂಟೆ ಕೈಯಲ್ಲಿರುತ್ತದೆ, ಬೆಳಕಿರುವಾಗಲೇ ಬಂಡೀಪುರವನ್ನೂ ದಾಟಬಹುದು.