ಜೀಪ್ ಬೇಡ, ಸೈಕಲ್ ಸಾಕು: ಹೆಲ್ಸ್ ಗೇಟ್ ನೋಡುವುದು ಹೇಗೆ?

ಬಂಡೀಪುರದ ಸಫಾರಿಯಲ್ಲಿ ವಾಹನದಿಂದ ಕಾಲು ಕೆಳಗಿಡುವಂತಿಲ್ಲ, ಅಲ್ವಾ? ಕೀನ್ಯಾದ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಡಿಗೆ ಸೈಕಲ್ ಹತ್ತಿ ಜೀಬ್ರಾಗಳ ಪಕ್ಕದಲ್ಲೇ ಹೋಗಬಹುದು. ನಡೆದೂ ಹೋಗಬಹುದು. 1984ರಲ್ಲಿ ಉದ್ಯಾನವಾದ ಈ ಜಾಗ ಬರೀ 68 ಚದರ ಕಿ.ಮೀ. ಸಿಂಹವನ್ನೇ ನೋಡಬೇಕು ಅನ್ನುವವರು ಕೀನ್ಯಾದ್ದೇ ಆದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೋಗಲಿ. ಹುಲ್ಲುಗಾವಲು ಹೇಗಿರುತ್ತದೆ ಎಂದು ಮೈಗೆ ತಾಕಿಸಿಕೊಳ್ಳಬೇಕಾದರೆ ಇಲ್ಲಿಗೇ ಬನ್ನಿ.

ಮೊದಲು ಯೆಲ್ಲೋ ಫೀವರ್ ಲಸಿಕೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದೆ ಭಾರತಕ್ಕೆ ಮರಳಿದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಕೀನ್ಯಾ ಪ್ರವೇಶದ ಅನುಮತಿಯನ್ನು ಆನ್‌ಲೈನ್‌ನಲ್ಲೇ ಪಡೆಯಬೇಕು. ಉದ್ಯಾನದ ಟಿಕೆಟ್ಟೂ ಅಷ್ಟೆ, ನಗದು ನಡೆಯುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್, ಇಲ್ಲವೇ ಜನವರಿ–ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್‌ನಿಂದ ಮೇವರೆಗೆ ಮಳೆ ಜಾಸ್ತಿ.

ನೈರೋಬಿಯಿಂದ ಸುಮಾರು 90 ಕಿ.ಮೀ. ದೂರ. ಮಟಾಟು ಎಂಬ ಅಲ್ಲಿನ ಶೇರ್ ವ್ಯಾನ್ ಹಿಡಿದು ನೈವಾಶಾ ಊರಿಗೆ ಬನ್ನಿ. ಅಲ್ಲಿಂದ ಇನ್ನೊಂದು ಮಟಾಟುವಿನಲ್ಲಿ ನೈವಾಶಾ ಕೆರೆಯ ದಕ್ಷಿಣದ ರಸ್ತೆ ಹಿಡಿದು ಉದ್ಯಾನದ ಎಲ್ಸಾ ಗೇಟ್‌ನ ತಿರುವಿನಲ್ಲಿ ಇಳಿಯಿರಿ. ಸೈಕಲ್ ಅಲ್ಲೇ ಸಿಗುತ್ತದೆ. ದುಡ್ಡು ಕೊಡುವ ಮೊದಲು ಬ್ರೇಕ್ ಹಿಡಿದು ನೋಡಿ, ಟೈರ್ ಒತ್ತಿ ನೋಡಿ, ಸೀಟು ನಿಮ್ಮ ಎತ್ತರಕ್ಕೆ ಹೊಂದಿಸಿಕೊಳ್ಳಿ. ದಾರಿಯುದ್ದಕ್ಕೂ ಜಾಲಿಯ ಜಾತಿಯ ಮುಳ್ಳುಗಿಡಗಳಿವೆ. ಪಂಪು, ಪಂಕ್ಚರ್ ಸಾಮಾನು ಕೇಳಿ ಪಡೆಯಿರಿ. ಪ್ಲಾಸ್ಟಿಕ್ ಬಾಟಲಿ ಒಯ್ಯುವಂತಿಲ್ಲ, ಸ್ಟೀಲ್ ಬಾಟಲಿಯಲ್ಲಿ ನೀರು ತುಂಬಿಕೊಳ್ಳಿ.

ಬೆಳಿಗ್ಗೆ ಬೇಗ ಒಳಗೆ ಹೋಗಿ. ಗೇಟ್ ದಾಟಿದ ಸ್ವಲ್ಪ ದೂರಕ್ಕೆ ಫಿಶರ್ಸ್ ಟವರ್ ಎಂಬ 25 ಮೀಟರ್ ಎತ್ತರದ ಬಂಡೆ ಒಂಟಿಯಾಗಿ ನಿಂತಿದೆ. ಹಳೆಯ ಜ್ವಾಲಾಮುಖಿಯ ಕೊರಳಲ್ಲಿ ಗಟ್ಟಿಯಾದ ಲಾವಾ ಅದು. ಬುಡದಲ್ಲಿ ಮೊಲದಷ್ಟು ದಪ್ಪದ ಹೈರಾಕ್ಸ್ ಎಂಬ ಪ್ರಾಣಿಗಳು ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿರುತ್ತವೆ. ಅಲ್ಲಿಂದ ಮುಂದೆ ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಹುಲ್ಲು. ಸೈಕಲ್ ನಿಲ್ಲಿಸಿ ಐದು ನಿಮಿಷ ಸುಮ್ನೆ ನಿಂತುಬಿಡಿ. ಜೀಬ್ರಾ ಹುಲ್ಲು ಕಿತ್ತು ಅಗಿಯುವ ಕರಕರ ಸದ್ದು ಕಿವಿಗೆ ಬೀಳುತ್ತದೆ. ಸ್ವಾಹಿಲಿಯಲ್ಲಿ ಅದರ ಹೆಸರು ಪುಂಡಾ ಮಿಲಿಯಾ, ಅಂದರೆ ಪಟ್ಟೆಯ ಕತ್ತೆ. ವಾರ್ಟ್‌ಹಾಗ್ ಎಂಬ ಕಾಡುಹಂದಿಗಳು ಬಾಲ ನೆಟ್ಟಗೆ ಮಾಡಿ ಓಡುತ್ತವೆ. ಲೆಲೆಶ್ವಾ ಎಂಬ ಗಿಡದ ಬೂದುಬಣ್ಣದ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಅಲ್ಲಿನ ಮಸಾಯಿ ಬುಡಕಟ್ಟಿನ ಜನ ಬೆವರಿನ ವಾಸನೆ ಬಾರದಿರಲೆಂದು ಅದನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು.

ಆಫ್ರಿಕಾದ ಕಾಡೆಮ್ಮೆಯ (ಬಫಲೋ) ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಒಂಟಿ ಗಂಡು ಕಂಡರೆ ನಿಂತುಬಿಡಿ, ಅದು ಹೋಗುವವರೆಗೆ ಕಾಯಿರಿ. ತಾಯಿ, ಮರಿಗಳ ನಡುವೆ ಯಾವತ್ತೂ ನುಗ್ಗಬೇಡಿ. ತಿಂಡಿಯ ಚೀಲ ಬಬೂನ್ ಕೋತಿಗಳ ಕಣ್ಣಿಗೆ ಬೀಳದಿರಲಿ.

ದಾರಿಯ ಕೊನೆಗೆ ಓಲ್ ಎಂಜೊರೊವಾ ಎಂಬ ಕಿರಿದಾದ ಕಣಿವೆ. ಗೋಡೆಗಳನ್ನು ನೀರು ನಯವಾಗಿ ಕೊರೆದಿದೆ, ಕೆಲವು ಕಡೆ ಬಿಸಿನೀರು ಜಿನುಗುತ್ತದೆ. ತುಂಬಾ ಚಂದದ ಜಾಗ, ಅಷ್ಟೇ ಅಪಾಯದ್ದೂ ಹೌದು. ದೂರದಲ್ಲೆಲ್ಲೋ ಮಳೆಯಾದರೂ ಇಲ್ಲಿ ದಿಢೀರನೆ ನೀರು ನುಗ್ಗುತ್ತದೆ. 2012ರಲ್ಲೂ 2019ರಲ್ಲೂ ಹಾಗೆ ಜನ ಸತ್ತಿದ್ದಾರೆ. ಕಣಿವೆ ತೆರೆದಿದೆಯೇ ಎಂದು ಗೇಟ್‌ನಲ್ಲೇ ಕೇಳಿ. ಗೈಡ್ ಇಲ್ಲದೆ ಇಳಿಯಬೇಡಿ. ಆತ ಬೇಡ ಅಂದರೆ ವಾದ ಮಾಡದೆ ಮೇಲಿಂದಲೇ ನೋಡಿ ಬನ್ನಿ.

ವಾಪಸ್ ಬರುವಾಗ ನೆಲದ ಮೇಲೆ ಕಪ್ಪು ಗಾಜಿನಂಥ ಚೂರುಗಳು ಹೊಳೆಯುತ್ತಿದ್ದರೆ ಬಗ್ಗಿ ನೋಡಿ. ಲಾವಾ ಬೇಗ ಆರಿ ಆದ ಅಬ್ಸಿಡಿಯನ್ ಕಲ್ಲು ಅದು. ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಅಲ್ಲೇ ಇಡಿ. ಅಂಚು ಬ್ಲೇಡಿನಷ್ಟು ಚೂಪು, ಬೆರಳು ಜೋಪಾನ.